ಹಟ್ಟಿಯೆಂಬ ಎರಡಕ್ಷರ

ಹೋದ ತಿಂಗಳು ಪಕ್ಕದ ಸೈಟಿನವರು ಬೋರು ಹಾಕಿಸಿದರು. ಬೆಳಗ್ಗೆ ಕಾಫಿ ಲೋಟ ಹಿಡಿದು ಜಗಲಿ ಮೇಲೆ ಕೂತಿದ್ದೆ. ಗರ್ರ್ ಅಂತ ಮಿಷನ್ ಶುರುವಾಯಿತು, ಬಿಳೀ ಧೂಳು ಎದ್ದಿತು, ಅದರ ಮೇಲೆ ನೀರು ಹೊಡೆದರು. ಹಸಿ ಕಲ್ಲುಪುಡಿಯ ವಾಸನೆ ಕಾಂಪೌಂಡು ದಾಟಿ ಮೂಗಿಗೆ ಬಡಿಯಿತು ನೋಡಿ, ಮೈಯೆಲ್ಲ ಉರಿದುಹೋಯಿತು. ಪಾಪ, ಪಕ್ಕದ ಮನೆಯವರು ನನಗೇನೂ ಮಾಡಿಲ್ಲ. ನೀರು ಬಿತ್ತು ಅಂತ ಮಾರನೇ ದಿನ ಪಾಯಸ ಕೂಡ ಕಳಿಸಿದರು. ಆದರೂ ಆ ವಾಸನೆ ಬಂದರೆ ಸಾಕು, ಯಾರ ಮೇಲಾದರೂ ರೇಗಬೇಕು ಅನ್ನಿಸುತ್ತದೆ. ಅವತ್ತು ಕೈಗೆ ಸಿಕ್ಕಿದ್ದು ನನ್ನ ಹೆಂಡತಿ.

"ಕಾಫಿ ಯಾಕೆ ಇಷ್ಟು ತಣ್ಣಗೈತೆ?" ಅಂದೆ.

"ಕಾಫಿ ಬಿಸಿಯಾಗೇ ಐತೆ. ನೀವು ಇನ್ನೂ ಆ ಐತಾಳರ ಹತ್ರ ಜಗಳ ಆಡ್ತಾ ಕುಂತಿದೀರಿ," ಅಂದಳು.

ಹೌದು, ಆಡ್ತಾನೇ ಇದ್ದೇನೆ. ಐತಾಳರು ಯಾರು, ಜಗಳ ಏನು ಅಂತ ಹೇಳಿಬಿಡ್ತೀನಿ. ಹೇಳಿದರಾದರೂ ಹೊಟ್ಟೆಯೊಳಗಿನದು ಇಳಿಯುತ್ತದೋ ನೋಡೋಣ. ಇಲ್ಲಿವರೆಗೆ ಇಳಿದಿಲ್ಲ.

ಎಪ್ಪತ್ತರ ದಶಕದ ನಡುವಿನ ಒಂದು ವರ್ಷ. ದೀಪಾವಳಿಗೆ ಶುರುವಾಗಿ ಯುಗಾದಿಗೆ ಕೆಟ್ಟ ಕಥೆ. ನಾನಾಗ ಚಿತ್ರದುರ್ಗದ ನೀರು ಸರಬರಾಜು ಕಚೇರಿಯಲ್ಲಿ ಜೂನಿಯರ್ ಇಂಜಿನಿಯರ್. ಹೊಳಲ್ಕೆರೆ ಕಡೆಯವನು, ಹರೆಯ, ಮೂಗಿನ ತುದಿಯಲ್ಲೇ ಕೋಪ. ಆ ವರ್ಷ ನಮ್ಮ ಜಿಲ್ಲೆಗೆ ಬೋರು ಕೊರೆಯುವ ದೊಡ್ಡ ಮಿಷನ್ನೊಂದು ಪಾಳಿ ಮೇಲೆ ಬಂದಿತ್ತು. ಈಗ ಬೀದಿಗೊಂದು ನಿಂತಿರುತ್ತವೆ. ಆಗ ಅದನ್ನು ನೋಡೋಕೆ ಜನ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಯುಗಾದಿವರೆಗೆ ಅದು ನಮ್ಮದು, ಆಮೇಲೆ ಪಕ್ಕದ ಜಿಲ್ಲೆಯದು. ಮತ್ತೆ ನಮ್ಮ ಪಾಳಿ ಬರಬೇಕಾದರೆ ಇನ್ನೊಂದು ದೀಪಾವಳಿ ಕಳೆಯಬೇಕು.

ರಸ್ತೆ ಬದಿಯ ಊರುಗಳಿಗೆ ಹೇಗೋ ಬಾವಿಗಳಿದ್ದವು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ಮೂರೂ ತಾಲ್ಲೂಕಿನ ಗೊಲ್ಲರಹಟ್ಟಿಗಳಿಗೆ ಏನೂ ಇರಲಿಲ್ಲ. ಹಟ್ಟಿ ಅಂದರೆ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಕುರಿ ಸಾಕುವ ಜನ ಊರಿಂದ ದೂರದಲ್ಲಿ, ಸುತ್ತ ಮುಳ್ಳುಬೇಲಿ ಹಾಕಿಕೊಂಡು, ಗುಂಪಾಗಿ ಮನೆ ಕಟ್ಟಿಕೊಂಡಿರುವ ಜಾಗ. ನಮ್ಮ ಕಚೇರಿಯ ಹಿರಿಯ ಇಂಜಿನಿಯರು ರುದ್ರಪ್ಪನವರು ಒಂದಿನ ನನ್ನ ಕರೆದು, "ಈ ಸಲ ಮಿಷನ್ನು ಹಟ್ಟಿಗಳಿಗೇ ಹೋಗ್ಲಿ ಕಣ್ರಿ. ರೋಡಿನ ಮೇಲೆ ಇರೋರಿಗೆ ಎಲ್ಲರೂ ಮಾಡ್ತಾರೆ. ಎಸ್ಟಿಮೇಟು ನೀವು ಹಾಕ್ರಿ, ಹಣಕಾಸಿನೋರ ಮುಂದೆ ನೀವೇ ಹೇಳ್ರಿ," ಅಂದರು. ನನಗೆ ಕೋಡು ಬಂದಂಗಾಯಿತು.

ಅದೇ ಹೊತ್ತಿಗೆ ಕಚೇರಿಗಳಲ್ಲಿ ಕನ್ನಡದಲ್ಲೇ ಬರೆಯಬೇಕು ಅನ್ನುವ ಗಾಳಿ ಬೀಸಿತ್ತು. ಬೇರೆಯವರೆಲ್ಲ ಪೆನ್ನು ಕಚ್ಚಿಕೊಂಡು ಕೂತಿದ್ದರೆ ನಾನು ಹಬ್ಬ ಮಾಡಿದೆ. ತಿದ್ದಿ ತೀಡಿ ಬರೆದೆ: 'ಗೊಲ್ಲರ ಹಟ್ಟಿಗಳಿಗೆ ಕುಡಿಯುವ ನೀರಿನ ಯೋಜನೆ.' ಇಂಗ್ಲಿಷಿನ ಒಂದು ಪದ ಬಾರದಂಗೆ ಬರೆದಿದ್ದೀನಿ ಅಂತ ರುದ್ರಪ್ಪನವರಿಗೆ ತೋರಿಸಿ ಬೀಗಿದೆ. ಅವರೂ ಓದಿ, "ಹೆಂಗೈತೆ ನೋಡ್ರಿ, ತಾಯಿ ಮಾತಾಡಿದಂಗೈತೆ," ಅಂದರು.

ಎಸ್ಟಿಮೇಟಿಗೆ ಮುಂಚೆ ಜಾಗ ನೋಡೋಕೆ ಹಟ್ಟಿ ಹಟ್ಟಿ ಸುತ್ತಿದೆ. ಹೊಸದುರ್ಗದಾಚೆ ತೆಂಗಿನ ತೋಟಗಳು ಮುಗಿದು ಬರೀ ಕಲ್ಲುಗುಡ್ಡ ಶುರುವಾಗುವಲ್ಲಿ ಒಂದು ಹಟ್ಟಿ. ಕಾರೇಹಟ್ಟಿ ಅಂತ ಕರೀತೀನಿ. ಬೇಲಿ ಬಾಗಿಲಿಗೆ ಹೋಗುತ್ತಲೇ ಒಬ್ಬ ಹೆಂಗಸು ಅಡ್ಡ ನಿಂತಳು. ಕರಿಯಕ್ಕ. ನಡುವಯಸ್ಸು, ಗಟ್ಟಿ ದನಿ, ಹಣೆ ತುಂಬ ಕುಂಕುಮ.

"ಮೆಟ್ಟು ಅಲ್ಲೇ ಬಿಡ್ರಿ. ಹಟ್ಟಿಯೊಳಕ್ಕೆ ಮೆಟ್ಟು ಹಾಕ್ಕಂಡು ಯಾರೂ ಬರಂಗಿಲ್ಲ."

ಬಿಟ್ಟೆ. ನಾಲ್ಕು ಹೆಜ್ಜೆ ಇಡುತ್ತಲೇ ಕಾಲಿಗೆ ಮುಳ್ಳು ಹೊಕ್ಕಿತು, ಕುಂಟಿದೆ. "ಸರ್ಕಾರದ ಕಾಲಿಗೂ ನಮ್ಮುಳ್ಳು ಚುಚ್ಚತೈತೆ ಕಣೇ!" ಅಂತ ಅವಳು ಒಳಗಿನವರಿಗೆ ಕೂಗಿ ಹೇಳಿ ನಕ್ಕಳು. ಆಮೇಲೆ ತಾನೇ ಸೂಜಿ ತಂದು ತೆಗೆದಳು.

ಅವರ ನೀರು ಯಾವುದು ಅಂತ ತೋರಿಸೋಕೆ ಹಳ್ಳಕ್ಕೆ ಕರೆದುಕೊಂಡು ಹೋದಳು. ಒಣಗಿದ ಹಳ್ಳದ ಮರಳಲ್ಲಿ ಚಿಲುಮೆ ತೋಡಿದ್ದರು. ಅದರೊಳಗೆ ನೀರು ಒಸರಬೇಕು, ತೆಂಗಿನ ಚಿಪ್ಪಿನಲ್ಲಿ ಮೊಗೆದು ಕೊಡಕ್ಕೆ ಹಾಕಬೇಕು, ಮತ್ತೆ ಒಸರೋವರೆಗೆ ಕೂತಿರಬೇಕು. ಕೊಡ ಹಿಡಿದ ಹೆಂಗಸರು ಬಿಸಿಲಲ್ಲಿ ಸಾಲಾಗಿ ಕೂತಿದ್ದರು. ಕರಿಯಕ್ಕ ಅಲ್ಲೇ ಕುಕ್ಕರುಗಾಲಲ್ಲಿ ಕೂತು ತನ್ನ ಕಷ್ಟ ಹೇಳಿದಳು. ಸೊಸೆ ಹೊಳಲ್ಕೆರೆ ಕಡೆಯವಳು, ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗಿದ್ದಾಳೆ. ದಸರೆಯಲ್ಲಿ ಗಂಡು ಕೂಸಾಗಿದೆ. ಬೀಗರು ಕಳಿಸೊಲ್ಲರು.

"ಕೂಸಿನ ಅಂಡು ತೊಳಿಯಾಕೂ ನಮ್ಮುಡುಗಿ ಚಿಲುಮೆ ಮುಂದೆ ಕುಂತ್ಕಬೇಕಾ, ಹಟ್ಟೀಗೆ ನೀರು ಬಂದ್ಮೇಲೆ ಬಂದು ಕರ್ಕಂಡೋಗ್ರಿ ಅಂತಾಳೆ ನಮ್ ಬೀಗ್ತಿ. ಅವಳ ಮಾತೂ ದಿಟವೇ, ಏನಂತ ಜಗಳ ಆಡ್ಲಿ? ಯುಗಾದಿ ಒಳಗೆ ನೀರು ಬತ್ತೈತಾ ಇಂಜಿನೇರಪ್ಪ? ಮೊಮ್ಮಗನ್ನ ಎತ್ಕಂಡು ಬೇಲಿ ದಾಟಬೇಕು ನಾನು."

"ಬತ್ತೈತೆ ಕಣಕ್ಕ," ಅಂದುಬಿಟ್ಟೆ. ಎಲುಬಿಲ್ಲದ ನಾಲಿಗೆ.

"ಹಂಗಾದ್ರೆ ಪಂಪಿನ ಬಗಲಾಗೆ ಒಂದು ತೊಟ್ಟೀನೂ ಕಟ್ಟಿಸ್ರಿ. ಚೆಲ್ಲಿದ ನೀರು ಕುರಿಗಾದ್ರೂ ಆಗ್ಲಿ, ಮಣ್ಣುಪಾಲು ಯಾಕೆ?" ಅಂದಳು. ಒಳ್ಳೆ ಮಾತು. ಎಲ್ಲಾ ಹಟ್ಟಿಗೂ ಒಂದೊಂದು ತೊಟ್ಟಿ ಸೇರಿಸಿ ಎಸ್ಟಿಮೇಟು ಕಳಿಸಿದೆ.

ಮಿಷನ್ನಿನ ಮೊದಲ ಬೋರು, ಹಿಂದೆಯೇ ಮಂಜೂರಾಗಿದ್ದದ್ದು, ಹೊಸದುರ್ಗದ ಪೇಟೆ ಅಂಚಿನಲ್ಲಿ. ಅವತ್ತು ಸಂತೆ. ನಾನು ಬಿಳೀ ಅಂಗಿ ಹಾಕ್ಕೊಂಡು ಮುಂದೆ ನಿಂತಿದ್ದೆ, ಕಲ್ಲುಪುಡಿ ಕೆಸರೆಲ್ಲ ನನ್ನ ಮೇಲೆ ಹಾರಿತು. ಸಂತೆಗೆ ಬಂದ ಕರಿಯಕ್ಕ ಜನರನ್ನು ತಳ್ಳಿಕೊಂಡು ಹತ್ತಿರ ಬಂದಳು. ಬಗ್ಗಿ ಒಂದು ಹಿಡಿ ಹಸಿ ಪುಡಿ ತಗೊಂಡು ಮೂಸಿದಳು. "ಮೊದಲ ಮಳೆ ವಾಸನೆ ಬತ್ತೈತೆ," ಅಂದಳು. ಆಮೇಲೆ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಅದ್ಯಾಕಕ್ಕ?"

"ಬೀಗ್ತಿಗೆ ತೋರ್ಸಾಕೆ. ಮಿಷನ್ನು ಬಂದೈತೆ ಅಂದ್ರೆ ನಂಬಾಕಿಲ್ಲ ಅವಳು." ಹಾಗೇ ಹೊಳಲ್ಕೆರೆ ಬಸ್ಸು ಹತ್ತಿ ಹೊರಟೇ ಬಿಟ್ಟಳು.

ನಮ್ಮ ಎಸ್ಟಿಮೇಟು ಮಾತ್ರ ಬೆಂಗಳೂರಿಂದ ತಿರುಗಿ ಬಂತು. ಹಣಕಾಸಿನ ಹಿರಿಯ ಅಧಿಕಾರಿ ಐತಾಳರು ಅನ್ನುವವರು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ, ದುಂಡಗಿನ ಅಕ್ಷರದಲ್ಲಿ ಬರೆದಿದ್ದರು. 'ಹಟ್ಟಿಗೆ ಇಷ್ಟು ಆಳದ ಕೊಳವೆಬಾವಿ ಅಗತ್ಯವೇ? ಹತ್ತಿರದ ಕೆರೆಯ ನೀರು ಸಾಲದೇ?' ನಾನು ಉರಿದುಕೊಂಡು ಉತ್ತರ ಬರೆದೆ: ಕೆರೆ ನೀರು ಕುಡಿದರೆ ಕಾಯಿಲೆ ಬರುತ್ತದೆ. ಮತ್ತೆ ತಿರುಗಿ ಬಂತು: 'ಹಟ್ಟಿವಾರು ಎಷ್ಟು ತಲೆ, ತಿಳಿಸುವುದು.' ತಲೆ ಎಣಿಸಿ ಕಳಿಸಿದೆ. ಮತ್ತೆ ಬಂತು: 'ಊರಿನ ಬಾವಿಯಿಂದ ಹಟ್ಟಿಗೆ ನೀರು ಹೊರುವ ಪದ್ಧತಿ ಇಲ್ಲವೇ?' ಐತಪ್ಪಾ ದೇವರೇ, ಹೊತ್ತು ಹೊತ್ತೇ ಸಾಯ್ತಿದ್ದಾರೆ, ಅದಕ್ಕೇ ತಾನೆ ಯೋಜನೆ! ಈ ಮನುಷ್ಯನಿಗೆ ಕರುಳು ಅನ್ನೋದು ಐತೋ ಇಲ್ಲವೋ ಅಂತ ಕಚೇರಿ ತುಂಬ ಕೂಗಾಡಿದೆ. ಪುಷ್ಯದ ಕುಳಿರ್ಗಾಳಿ ಕಿಟಕಿ ಬಡೀತಿತ್ತು. ಕಾಗದ ಹೋಗ್ತಿತ್ತು, ಬರ್ತಿತ್ತು.

ಕೊನೆಗೆ ಐತಾಳರೇ ದುರ್ಗಕ್ಕೆ ಬರುತ್ತಾರೆ, ಬಜೆಟ್ಟಿಗೆ ಮುಂಚೆ ಎಲ್ಲಾ ಯೋಜನೆಯನ್ನೂ ಕೂರಿಸಿಕೊಂಡು ಕೇಳುತ್ತಾರೆ ಅಂತ ಸುದ್ದಿ ಬಂತು. ರುದ್ರಪ್ಪನವರು ನನ್ನನ್ನು ಪಳಗಿಸೋಕೆ ಶುರು ಮಾಡಿದರು. ಸಂಜೆ ಕಚೇರಿ ಖಾಲಿಯಾದ ಮೇಲೆ ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಹಣಕಾಸಿನವರಾಗುತ್ತಿದ್ದರು, ನಾನು ನಾನೇ.

"ಏನ್ರೀ, ಡೀಸಲ್ಲಿಗೆ ಇಷ್ಟು ಯಾಕೆ?"

"ಕಲ್ಲು ಗಟ್ಟಿ ಐತೆ ಸಾರ್, ಬೇಕಾದ್ರೆ ಬಂದು ಕೊರೆದು ನೋಡ್ರಿ."

"ನೋಡ್ರಿ, ಅಲ್ಲೇ ಕೆಟ್ರಿ. ಹಣಕಾಸಿನೋರ ಮುಂದೆ ಸಿಟ್ಟು ಮಾಡ್ಕಂಡ್ರೆ ಅರ್ಧ ದುಡ್ಡಿಗೆ ಕತ್ತರಿ, ಹಲ್ಲು ಗಿಂಜಿದ್ರೆ ಪೂರ್ತಿ ಕತ್ತರಿ. ಬೆನ್ನು ನೆಟ್ಟಗಿರ್ಲಿ, ದನಿ ತಣ್ಣಗಿರ್ಲಿ. ಅಂಕಿ ಬಾಯಾಗಿರ್ಬೇಕು, ಕಾಗದ ಹುಡುಕಬಾರ್ದು. ಕೇಳಿದ್ದಕ್ಕಷ್ಟೇ ಉತ್ತರ. ಮತ್ತೆ ಹೇಳ್ರಿ."

ಸಂಕ್ರಾಂತಿ ಎಳ್ಳುಬೆಲ್ಲ ತಿನ್ನುತ್ತಾ ಕಲ್ಲು, ಆಳ, ಪೈಪು, ಡೀಸಲ್ಲು, ಕೂಲಿ ಎಲ್ಲ ಬಾಯಿಪಾಠ ಮಾಡಿದೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ತಪ್ಪುತ್ತಿರಲಿಲ್ಲ. ಅವರು ಏನು ಕೇಳಿದರೂ ಉತ್ತರ ಇತ್ತು ನನ್ನ ಹತ್ತಿರ.

ಪ್ರವಾಸಿ ಮಂದಿರದ ದೊಡ್ಡ ಕೋಣೆಯಲ್ಲಿ ಸಭೆ. ಐತಾಳರು ನಾನೆಣಿಸಿದಂಗೆ ಇರಲಿಲ್ಲ. ಕಡಲ ಕಡೆಯವರು, ಸಣಕಲು, ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ. ಸರ್ಕಾರದ ಕಾರು ಸುಮ್ಮನೆ ಓಡಬಾರದು ಅಂತ ಬಸ್ ಸ್ಟ್ಯಾಂಡಿನಿಂದ ನಡೆದೇ ಬಂದಿದ್ದರಂತೆ. ಬೈಯೋಕೂ ಅನುಕೂಲವಿಲ್ಲದ ಮನುಷ್ಯ.

ಮೊದಲು ಎಲ್ಲ ಚೆನ್ನಾಗೇ ಹೋಯಿತು. ಕಲ್ಲಿನ ಬಗ್ಗೆ ಕೇಳಿದರು, ಹೇಳಿದೆ. ಡೀಸಲ್ಲು ಕೇಳಿದರು, ಹೇಳಿದೆ. ಬೆನ್ನು ನೆಟ್ಟಗಿತ್ತು, ದನಿ ತಣ್ಣಗಿತ್ತು. "ಅಂಕಿಗಳನ್ನು ಬಾಯಲ್ಲೇ ಹೇಳುತ್ತೀರಿ, ಸಂತೋಷ," ಅಂದರು ಐತಾಳರು. ರುದ್ರಪ್ಪನವರ ಮುಖ ಅರಳಿತು. ಆಮೇಲೆ ಐತಾಳರು ಪೆನ್ನು ಕೆಳಗಿಟ್ಟು ಕೇಳಿದರು.

"ಆದರೆ ಹಟ್ಟಿಯನ್ನು ಊರ ಬಾವಿಯಿಂದ ಅಷ್ಟು ದೂರ ಕಟ್ಟಲು ಹೇಳಿದ್ದು ಯಾರು? ಹತ್ತಿರವೇ ಕಟ್ಟಿದ್ದರೆ ಈ ಖರ್ಚೇ ಇರುತ್ತಿರಲಿಲ್ಲ."

"ತಾತನ ಕಾಲದಿಂದ ಅಲ್ಲೇ ಅವೆ ಸಾರ್."

"ಇರಲಿ. ತಲೆಗೆ ಇಷ್ಟು ನೀರು ಅಂತ ಹಾಕಿದ್ದೀರಿ. ಅಷ್ಟೆಲ್ಲ ಕುಡಿಯುತ್ತವಾ?"

ಕುಡಿಯುತ್ತವಾ ಅಂದರು. ಕುಡಿಯುತ್ತಾರಾ ಅನ್ನಲಿಲ್ಲ. ನನ್ನ ಕಿವಿ ಬಿಸಿಯಾದವು. ರುದ್ರಪ್ಪನವರು ಮೇಜಿನ ಕೆಳಗೆ ನನ್ನ ಕಾಲು ತುಳಿದರು.

"ಬರೀ ಕುಡಿಯೋಕಲ್ಲ ಸಾರ್, ಸ್ನಾನಕ್ಕೂ ಬೇಕಲ್ಲ."

"ಸ್ನಾನವಾ? ದಿನಾ ಯಾಕೆ ಮಾಡಿಸಬೇಕು? ಹಬ್ಬಕ್ಕೊಮ್ಮೆ ಮೈ ತೊಳೆದರೆ ಸಾಕಪ್ಪ."

ಜೊತೆಗೆ ಬಂದಿದ್ದ ಇಬ್ಬರು ನಕ್ಕರು. ಅಭ್ಯಾಸ ಮಾಡಿದ್ದೆಲ್ಲ ಎಲ್ಲಿ ಹೋಯಿತೋ ಏನೋ. ಚಿಲುಮೆ ಮುಂದೆ ಕೂತ ಹೆಂಗಸರ ಸಾಲು ಕಣ್ಣಿಗೆ ಬಂತು. ಎದ್ದು ನಿಂತೆ.

"ಸಾರ್, ಹಟ್ಟಿಯಲ್ಲಿರೋರು ಮನುಷ್ಯರಲ್ವಾ?"

ಐತಾಳರು ಕಣ್ಣು ಪಿಳಿಪಿಳಿ ಮಾಡಿ ನನ್ನ ನೋಡಿದರು. "ಮನುಷ್ಯರು ಹಟ್ಟಿಯಲ್ಲಿ ಯಾಕೆ ಇರುತ್ತಾರೆ ಮಾರಾಯ್ರೆ?"

ರುದ್ರಪ್ಪನವರಂಥ ತಣ್ಣನೆ ಮನುಷ್ಯನ ಮುಖವೂ ಕಪ್ಪಿಟ್ಟಿತು. ಐತಾಳರೇ ಮುಂದುವರಿಸಿದರು. "ನೋಡಿ, ಈ ಕೆಲಸ ಬೇಡ ಅಂತ ನನಗಿಲ್ಲ. ನೀರಿನ ಲೆಕ್ಕದಲ್ಲಿ ಇದಕ್ಕೆ ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಪಶುಪಾಲನೆ ಲೆಕ್ಕದಲ್ಲಿ ಹಣ ಉಳಿದುಂಟು. ಹೇಗೂ ತೊಟ್ಟಿ ಕಟ್ಟುತ್ತೀರಿ. ಅದಕ್ಕೆ ಹಾಕಿ, ಇಲ್ಲೇ ಈಗಲೇ ರುಜು ಮಾಡುತ್ತೇನೆ. ಯುಗಾದಿಗೆ ಮೊದಲೇ ನಿಮ್ಮ ಮಿಷನ್ನು ಅಲ್ಲಿಗೆ ಹೋಗಲಿ."

ಅಂದರೆ ಕರಿಯಕ್ಕನೂ ಅವಳ ಮೊಮ್ಮಗನೂ ಕುರಿ ಲೆಕ್ಕ! ತೊಟ್ಟಿ ನೆಪ ಮಾಡಿ ಜನರನ್ನ ದನದ ಜೊತೆ ಕಟ್ಟುವ ಹಂಚಿಕೆ ಅಂತ ನನಗೆ ಅನ್ನಿಸಿತು. ರುದ್ರಪ್ಪನವರು ನನ್ನ ಅಂಗಿ ಚುಂಗು ಹಿಡಿದು ಜಗ್ಗುತ್ತಿದ್ದರು.

"ದನದ ಲೆಕ್ಕದ ದುಡ್ಡು ನಮಗೆ ಬೇಡ ಸಾರ್! ಕೊಟ್ರೆ ಮನುಷ್ಯರ ಲೆಕ್ಕದಾಗೆ ಕೊಡ್ರಿ, ಇಲ್ಲಾಂದ್ರೆ ಬಿಡ್ರಿ!" ಅಂದೆ.

ಐತಾಳರು 'ಇದೆಂಥ ಹಟ' ಅನ್ನುವಂಗೆ ತಲೆಯಾಡಿಸಿ, ಫೈಲು ಮುಚ್ಚಿ, "ಹಾಗಾದರೆ ಮುಂದೆ ನೋಡುವ," ಅಂದರು. ಪಶುಪಾಲನೆಯವರ ಅಭಿಪ್ರಾಯ ಕೇಳಬೇಕು ಅಂತ ಫೈಲು ಬೆಂಗಳೂರಿಗೆ ಹೋಯಿತು. ಹೊರಗೆ ಬಂದ ಮೇಲೆ ಸಹೋದ್ಯೋಗಿಗಳೆಲ್ಲ ನನ್ನ ಬೆನ್ನು ತಟ್ಟಿದರು. "ಗಂಡಸು ಕಣಲೇ ನೀನು," ಅಂದರು. ರುದ್ರಪ್ಪನವರು ಮಾತ್ರ, "ಚೆನ್ನಾಗಿ ಮಾತಾಡಿದ್ರಿ. ನೀರು ಮಾತ್ರ ಬರ್ಲಿಲ್ಲ," ಅಂದು ಸೈಕಲ್ಲು ಹತ್ತಿದರು.

ಆಮೇಲಿನ ವಾರಗಳನ್ನು ನೆನೆಸಿಕೊಂಡರೆ ಈಗಲೂ ತಲೆ ಚಿಟ್ಟು ಹಿಡಿಯುತ್ತದೆ. ಚಳಿ ಹೋಗಿ ಬಿಸಿಲು ಬಂತು, ಬೆಟ್ಟದ ಬಂಡೆಗಳು ಕಾದು ಸಂಜೆಯಾದರೂ ಕಾವು ಉಗುಳುತ್ತಿದ್ದವು. ಮಿಷನ್ನು ಭರಮಸಾಗರದ ಕಡೆ, ಅಷ್ಟು ದೊಡ್ಡ ಕೆರೆ ಇರುವ ಊರಿನ ಬಗಲಿಗೆ ಹೋಗಿ ಕೊರೆಯುತ್ತಿತ್ತು. ಅಲ್ಲಿಯದು ಮೊದಲೇ ಮಂಜೂರಾಗಿತ್ತಲ್ಲ! ಹೊಸದುರ್ಗದ ಸಂತೆಯಲ್ಲಿ ಕರಿಯಕ್ಕ ಸಿಕ್ಕಿದಳು. ಕಣ್ಣು ತಪ್ಪಿಸಿ ಹೋಗಾಣ ಅಂದ್ರೆ ಕೂಗಿ ನಿಲ್ಲಿಸಿದಳು.

"ಕೂಸು ಬೋರಲು ಬೀಳ್ತೈತಂತೆ ಇಂಜಿನೇರಪ್ಪ. ಇನ್ನೇನು ಕುಂತ್ಕಂಬ್ತೈತೆ. ಮಿಷನ್ನು ಎಲ್ಲಿಗಂಟ ಬಂತು?"

"ಬತ್ತೈತೆ ಕಣಕ್ಕ," ಅಂದೆ. ಈ ಸಲ ದನಿ ನನಗೇ ಕೇಳಿಸಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಐತಾಳರು ಹಿರಿಯೂರಿನ ಹತ್ತಿರ ಬಬ್ಬೂರಿನ ಬೇಸಾಯದ ಫಾರಂ ನೋಡೋಕೆ ಬರುತ್ತಾರೆ ಅಂತ ಗೊತ್ತಾಯಿತು. ರುದ್ರಪ್ಪನವರು, "ಹೋಗಿ ಕಾಲಿಗಾದ್ರೂ ಬೀಳ್ರಿ, ನಿಮ್ಮ ಮಾನ ಕರಿಯಕ್ಕನ ಕೊಡದಾಗೆ ತುಂಬಲ್ಲ," ಅಂದರು. ಹಲ್ಲು ಕಡಿದುಕೊಂಡು ಹಿರಿಯೂರು ಬಸ್ಸು ಹತ್ತಿದೆ.

ಫಾರಮ್ಮಿನ ಬದುವಿನ ಮೇಲೆ ಐತಾಳರು ನಡೆಯುತ್ತಿದ್ದರು, ಪಕ್ಕದಲ್ಲಿ ಅಲ್ಲಿಯ ಮೇಸ್ತ್ರಿ. ನಾನು ಹಿಂದೆ ಹಿಂದೆ ಹೋದೆ, ಕ್ಷಮೆ ಕೇಳೋಕೆ ಹೊತ್ತು ನೋಡುತ್ತಿದ್ದೆ. ಅಷ್ಟರಲ್ಲಿ ಐತಾಳರು ಮಣ್ಣು ಕೈಲಿ ತಗೊಂಡು ಮೇಸ್ತ್ರಿಯನ್ನು ಕೇಳಿದರು: "ಹಟ್ಟಿಗೊಬ್ಬರ ಎಷ್ಟು ಗಾಡಿ ಹಾಕುತ್ತೀರಿ ಇದಕ್ಕೆ?"

ಮೇಸ್ತ್ರಿ ತಬ್ಬಿಬ್ಬಾದ. "ಹಟ್ಟಿಯೋರು ಗೊಬ್ಬರ ಮಾರಲ್ಲ ಸಾರ್. ಬೇಕಂದ್ರೆ ಕುರಿಮಂದೆ ತಂದು ಹೊಲದಾಗೆ ನಿಲ್ಲಿಸ್ತಾರೆ."

"ಹಟ್ಟಿಯವರು ಅಂದರೆ ಯಾರು? ನಾನು ಕೇಳಿದ್ದು ಹಟ್ಟಿಯ ಗೊಬ್ಬರ. ಸಗಣಿ, ಸೊಪ್ಪು ಹಾಕಿದ್ದು."

"ಓ, ಕೊಟ್ಟಿಗೆ ಗೊಬ್ಬರನಾ!" ಅಂದ ಮೇಸ್ತ್ರಿ.

ನಾನು ನಿಂತಲ್ಲೇ ನಿಂತೆ. ತಲೆಯೊಳಗೆ ಒಂದೊಂದೇ ಮಾತು ತಿರುಗಿ ಬಂತು. ಕುಡಿಯುತ್ತವಾ. ಎಷ್ಟು ತಲೆ. ಹಬ್ಬಕ್ಕೊಮ್ಮೆ ಮೈ ತೊಳೆದರೆ ಸಾಕು. ಮನುಷ್ಯರು ಹಟ್ಟಿಯಲ್ಲಿ ಯಾಕೆ ಇರುತ್ತಾರೆ.

"ಸಾರ್," ಅಂದೆ, "ನಿಮ್ಮ ಕಡೆ ಹಟ್ಟಿ ಅಂದ್ರೆ ಏನು?"

"ಎಂತ ಪ್ರಶ್ನೆ ಇದು? ಹಟ್ಟಿ ಅಂದರೆ ದನ ಕಟ್ಟುವ ಜಾಗ. ನಮ್ಮ ಮನೆಗೆ ತಾಗಿಯೇ ಉಂಟು."

"ನಮ್ಮ ಕಡೆ ಹಟ್ಟಿ ಅಂದ್ರೆ ಊರು ಸಾರ್. ಮನೆಗಳು. ಹೆಂಗಸರು, ಮಕ್ಕಳು, ಮುದುಕರು ಇರೋ ಊರು."

ಐತಾಳರ ಕೈಯಿಂದ ಮಣ್ಣು ಜಾರಿತು. ಇಸ್ತ್ರಿ ಪ್ಯಾಂಟು ಅನ್ನದೆ ಬದುವಿನ ಮೇಲೆ ಕೂತುಬಿಟ್ಟರು. ಕನ್ನಡಕ ತೆಗೆದರು. "ಅಯ್ಯೋ ದೇವರೇ. ಗೊಲ್ಲರು ದನ ಕಾಯುವವರಲ್ಲವಾ, ಅವರ ದನದ ಹಟ್ಟಿಗಳು ಅಂತ ನಾನು... ಸ್ನಾನ ಹಬ್ಬಕ್ಕೊಮ್ಮೆ ಸಾಕು ಅಂದೆನಲ್ಲ!"

"ಅಂದ್ರಿ ಸಾರ್."

"ನೀವು ಯಾಕೆ ಹೇಳಲಿಲ್ಲ?"

"ನೀವು ಯಾಕೆ ಕೇಳಲಿಲ್ಲ?"

ಇಬ್ಬರಿಗೂ ನಗು ಬರಬೇಕಿತ್ತು, ಬರಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಂಗೆ ಎಳೆದಾಡಿದ್ದೆವು ಇಷ್ಟು ದಿನ. ಇಬ್ಬರೂ ಕನ್ನಡದಲ್ಲೇ ಎಳೆದಾಡಿದ್ದು. ಇಂಗ್ಲಿಷಿನಲ್ಲಿ ಬರೆದಿದ್ದರೆ ಒಂದು ವಾರಕ್ಕೆ ಮುಗಿಯುತ್ತಿತ್ತು ಅನ್ನುವುದು ನೆನಪಾದರೆ ನನಗೆ ಇವತ್ತಿಗೂ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಐತಾಳರು ಆಮೇಲೆ ಒಂದು ಗಳಿಗೆ ಸುಮ್ಮನೆ ಕೂರಲಿಲ್ಲ. ಅಲ್ಲೇ ಫಾರಮ್ಮಿನ ಜೀಪಿನ ಮೂತಿ ಮೇಲೆ ಕಾಗದ ಇಟ್ಟು, ಇದು ಜನರು ವಾಸಿಸುವ ಊರುಗಳ ಕುಡಿಯುವ ನೀರು, ಕೂಡಲೇ ಮಂಜೂರು ಮಾಡತಕ್ಕದ್ದು ಅಂತ ಬರೆದರು. ಆದರೆ ಫೈಲು ಅವರ ಕೈಲಿ ಇರಲಿಲ್ಲವಲ್ಲ. ಅದು ಪಶುಪಾಲನೆಯವರ ಹತ್ತಿರ ಸುಖವಾಗಿ ಕೂತಿತ್ತು. ಇವರು ಫೋನು ಮಾಡಿದರು, ಕಾಗದ ಬರೆದರು, ತಾವೇ ಹೋಗಿ ಕೇಳಿದರು. ಅಲ್ಲಿಂದ ನಮ್ಮ ಕಚೇರಿಗೆ ಒಂದು ಉತ್ತರ ಬಂತು: ಸದರಿ ಹಟ್ಟಿಗಳಲ್ಲಿ ಹಸು ಎಷ್ಟು, ಎಮ್ಮೆ ಎಷ್ಟು, ಪ್ರತ್ಯೇಕವಾಗಿ ತಿಳಿಸುವುದು. ರುದ್ರಪ್ಪನವರು ಓದಿ ಕೆಮ್ಮು ಬರೋವರೆಗೆ ನಕ್ಕರು. ಆಮೇಲೆ ನಗು ನಿಲ್ಲಿಸಿ ಕಿಟಕಿ ಕಡೆ ತಿರುಗಿದರು. ಫೈಲು ಹಿಂದಿರುಗಿ ಬರುವಷ್ಟರಲ್ಲಿ ಯುಗಾದಿ ಕಳೆದಿತ್ತು.

ಮಿಷನ್ನು ಹೋಗುವಾಗ ನಾನು ಹಿರಿಯೂರು ಬಸ್ ಸ್ಟ್ಯಾಂಡಿನಲ್ಲಿದ್ದೆ. ಹೆದ್ದಾರಿ ಮೇಲೆ ಮೈತುಂಬ ಕಲ್ಲುಪುಡಿ ಅಂಟಿಸಿಕೊಂಡು ಹೊರಟಿತ್ತು. ಡ್ರೈವರು ನನ್ನ ಗುರುತು ಹಿಡಿದು, "ಸಲಾಂ ಸಾಬ್, ಬರ್ತೀವಿ!" ಅಂತ ಕೈ ಬೀಸಿದ. ಅವನ ಮೇಲೂ ಸಿಟ್ಟು ಬಂತು. ಯಾರ ಮೇಲೆ ರೇಗಬೇಕು ಹೇಳ್ರಿ? ಐತಾಳರು ಪ್ರಾಮಾಣಿಕರು. ರುದ್ರಪ್ಪನವರು ದೇವರಂಥವರು. ಲಂಚ ಇಲ್ಲ, ಮೋಸ ಇಲ್ಲ, ಕೆಟ್ಟವನು ಅನ್ನುವವನು ಒಬ್ಬನಾದರೂ ಇದ್ದಿದ್ದರೆ ಅವನನ್ನು ಬೈದುಕೊಂಡು ನಿದ್ದೆ ಮಾಡಬಹುದಿತ್ತು.

ಕಾರೇಹಟ್ಟಿಗೆ ಹೋಗಿ ಹೇಳಲೇಬೇಕಲ್ಲ, ಹೋದೆ. ಮೆಟ್ಟು ಬಿಟ್ಟು ಒಳಗೆ ಕಾಲಿಟ್ಟೆ. ಕರಿಯಕ್ಕ ಬಾಗಿಲ ಮುಂದೆ ಉಣ್ಣೆ ಹಿಂಜುತ್ತಾ ಕೂತಿದ್ದಳು. ಹಬ್ಬದ ಮುಂಚೆ ಹೊಳಲ್ಕೆರೆಗೆ ಹೋಗಿ ಬಂದಿದ್ದಳಂತೆ. "ಪುಡಿ ತಂದೆಲ್ಲ, ನೀರೆಲ್ಲಿ ಅಂದ್ಲು ಬೀಗ್ತಿ. ಏನು ಹೇಳ್ಲಿ? ಆ ಪುಡಿ ಅವರ ಬಾಗ್ಲಾಗೇ ಚೆಲ್ಲಿ ಬಂದೆ," ಅಂದಳು.

ಕೂತು ಎಲ್ಲಾ ಹೇಳಿದೆ. ಐತಾಳರ ಕಡೆ ಹಟ್ಟಿ ಅಂದರೆ ದನದ ಕೊಟ್ಟಿಗೆ, ಅದಕ್ಕೇ ಹಿಂಗಾಯಿತು ಅಂದೆ. ಅವಳು ನಂಬಲಿಲ್ಲ, ಆಮೇಲೆ ನಂಬಿ, "ಥೂ, ಅದೆಂಥ ಕನ್ನಡವಪ್ಪ," ಅಂದಳು. ನಾನು ಸುಮ್ಮನೆ ಎದ್ದು ಬಂದಿದ್ದರೆ ಆಗ್ತಿತ್ತು. ಆದರೆ ಅವಳಿಗೋಸ್ಕರ ಹೆಂಗೆ ಹೋರಾಡಿದೆ ಅಂತ ಗೊತ್ತಾಗಲಿ ಅನ್ನಿಸಿತು. ದನದ ಲೆಕ್ಕದಲ್ಲಿ ಅಲ್ಲೇ ರುಜು ಹಾಕ್ತೀನಿ ಅಂದರು, ಯುಗಾದಿಗೆ ಮುಂಚೆ ಕೊಡ್ತೀನಿ ಅಂದರು, ನಮ್ಮ ಜನ ದನ ಅಲ್ಲ ಅಂತ ನಾನು ಮುಖಕ್ಕೆ ಹೊಡೆದಂಗೆ ಹೇಳಿ ಬಂದೆ ಅಂದೆ.

ಉಣ್ಣೆ ಹಿಂಜುತ್ತಿದ್ದ ಕೈ ನಿಂತಿತು.

"ಕೊಡ್ತೀನಿ ಅಂದ್ರಾ? ಅವತ್ತೇ?"

"ಹೂಂ."

"ದನದ ಹೆಸರಾಗೆ ಬಂದಿದ್ರೆ ನಾವು ಕುಡೀತಿರಲಿಲ್ವಾ ಇಂಜಿನೇರಪ್ಪ?"

ಕಲ್ಲಿನ ಪ್ರಶ್ನೆಗೆ ಉತ್ತರ ಗೊತ್ತಿತ್ತು, ಡೀಸಲ್ಲಿನ ಪ್ರಶ್ನೆಗೆ ಗೊತ್ತಿತ್ತು. ಈ ಪ್ರಶ್ನೆಯನ್ನು ರುದ್ರಪ್ಪನವರು ನನಗೆ ಅಭ್ಯಾಸ ಮಾಡಿಸಿರಲಿಲ್ಲ. ಮೆಟ್ಟು ಹಾಕ್ಕೊಂಡು ಬಸ್ಸಿಗೆ ನಡೆದೆ.

ನಾನಂದದ್ದು ತಪ್ಪು ಅಂತ ಯಾರೇ ಹೇಳಲಿ, ಇವತ್ತಿಗೂ ಒಪ್ಪಲ್ಲ. ಮನುಷ್ಯರನ್ನು ಮನುಷ್ಯರ ಲೆಕ್ಕಕ್ಕೇ ಹಾಕಬೇಕು. ಆದರೆ ಹಂಗಂತ ನಾನು ವಾದ ಮಾಡೋಕೆ ಶುರು ಮಾಡಿದಾಗೆಲ್ಲ ಎದುರಿಗೆ ಐತಾಳರು ಇರುವುದಿಲ್ಲ, ಕರಿಯಕ್ಕ ಇರುತ್ತಾಳೆ. ಅವಳ ಹತ್ರ ಗೆಲ್ಲೋಕೆ ಆಗಿಲ್ಲ.

ಮುಂದಿನ ದೀಪಾವಳಿ ಕಳೆದು ಮಿಷನ್ನು ಮತ್ತೆ ಬಂತು. ಈ ಸಲ ಎಸ್ಟಿಮೇಟಿನ ಮೊದಲ ಸಾಲಲ್ಲೇ 'ಮನುಷ್ಯರು ವಾಸಿಸುವ ಹಟ್ಟಿಗಳಿಗೆ' ಅಂತ ಬರೆದೆ. ಐತಾಳರು ಒಂದು ಕೆಂಪು ಗೆರೆ ಎಳೆಯದೆ ರುಜು ಹಾಕಿ ಕಳಿಸಿದರು. ಸಂಕ್ರಾಂತಿ ಹೊತ್ತಿಗೆ ಕಾರೇಹಟ್ಟಿಯ ಬೇಲಿ ಹೊರಗೆ ಪಂಪು ನಿಂತಿತು, ಪಕ್ಕದಲ್ಲೇ ತೊಟ್ಟಿ. ನೀರು ಬಂದ ವಾರಕ್ಕೆ ಸೊಸೆಯೂ ಬಂದಳು. ಕೂಸು ತನ್ನ ಕಾಲ ಮೇಲೆ ತಾನೇ ನಡೆದುಕೊಂಡು ಬೇಲಿ ದಾಟಿತಂತೆ. ಅಜ್ಜಿ ಎತ್ತಿಕೊಳ್ಳೋಕೆ ಹೋದರೆ ಗುರುತು ಸಿಗದೆ ಕಿಟಾರನೆ ಕಿರುಚಿ ತಾಯಿ ಸೀರೆ ಹಿಂದೆ ಅಡಗಿತಂತೆ. ನಾನು ಪಂಪು ನೋಡೋಕೆ ಹೋದ ದಿನವೂ ಅದು ಅವಳ ಹತ್ತಿರ ಬರುತ್ತಿರಲಿಲ್ಲ.

ಕರಿಯಕ್ಕ ತಾನೇ ಪಂಪು ಒತ್ತಿ, ಹಿತ್ತಾಳೆ ಚೊಂಬು ತುಂಬಿಸಿ ನನ್ನ ಕೈಗಿಟ್ಟಳು.

"ಕುಡೀರಿ ಇಂಜಿನೇರಪ್ಪ. ಮನುಷ್ಯರ ಲೆಕ್ಕದ ನೀರು."

ನಗುತ್ತಿದ್ದಳೋ ಇಲ್ಲವೋ, ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ. ಚೊಂಬು ಎತ್ತಿ ಕುಡಿದೆ. ಆಚೆ ತೊಟ್ಟಿಗೆ ಕುರಿಮರಿಗಳು ಬಾಯಿ ಹಾಕಿದ್ದವು. ಅವುಗಳ ನಡುವೆ ನಿಂತು, ಎರಡೂ ಕೈ ಅದ್ದಿ ಅದ್ದಿ ಬಾಯಿಗೆ ಹಾಕಿಕೊಂಡು, ಆ ಕೂಸು ಅದೇ ನೀರು ಕುಡಿಯುತ್ತಿತ್ತು.